ಅರ್ಧವಿಲ್ಲದ ಸಂಖ್ಯೆ

ನಾರಾಯಣಪೇಟೆಯ ಬಸ್ ಸ್ಟ್ಯಾಂಡಿನಿಂದ ಬಸ್ಸು ಹೊರಡುವ ಹೊತ್ತಿಗೆ ಬಸವೇಶ್ವರಿ ತನ್ನ ಭಾಷಣವನ್ನು ಮನಸ್ಸಿನಲ್ಲೇ ನಾಲ್ಕಾರು ಸಲ ಮಾಡಿ ಮುಗಿಸಿ, ಚಪ್ಪಾಳೆಯನ್ನೂ ತಾನೇ ತಟ್ಟಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಕಂಡಕ್ಟರು ಕೈಗಿತ್ತ ಸೊನ್ನೆ ರೂಪಾಯಿಯ ಟಿಕೇಟು ಅವಳ ಬೆರಳ ಸಂದಿಯಲ್ಲಿ ಸುರುಳಿಯಾಗಿ ಸವೆದು ಹೋಗಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಈ ಸೊನ್ನೆ ದಿನವೂ ಅವಳ ಕೈಸೇರುತ್ತಿತ್ತು. ಎಲ್ಲ ಸಂಖ್ಯೆಗಳೂ ಶೇಷವಿಲ್ಲದೆ ಭಾಗಿಸಬಲ್ಲ ಸೊನ್ನೆ, ಯಾರನ್ನೂ ಒಲ್ಲೆ ಅನ್ನದ ಸೊನ್ನೆ ಎಂದು ದಿನವೂ ಅಂದುಕೊಂಡು ಒಬ್ಬಳೇ ನಗುತ್ತಿದ್ದಳು. ಇವತ್ತು ನಗುವುದಕ್ಕೆ ಪುರುಸೊತ್ತಿರಲಿಲ್ಲ. ಗದ್ವಾಲದಲ್ಲಿ ಗಡಿಭಾಗದ ಗಣಿತ ಶಿಕ್ಷಕರ ಬಳಗದ ಸಭೆ. ಕಾಲೇಜಿನಲ್ಲಿ ಅವಳಿಗೆ ಗಣಿತ ಕಲಿಸಿದ ಶಿವಶಂಕರಪ್ಪ ಸರ್ ಅವರಿಗೆ ಸನ್ಮಾನ. ಅದು ಮುಗಿದ ಮೇಲೆ ಬಸವೇಶ್ವರಿಯ ಪ್ರಬಂಧ. ಮಕ್ತಲ್ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಸುಣ್ಣದ ಬಳಪ ಸವೆಸಿದವಳು, ನಲವತ್ತು ದಾಟಿದವಳು, ಮೊದಲ ಸಲ ತನ್ನದು ಎನ್ನುವ ಒಂದು ಮಾತನ್ನು ನಾಲ್ಕು ಜನರ ಮುಂದೆ ಇಡಲು ಹೊರಟಿದ್ದಳು. 

ಆ ಮಾತು ಹೇಳಿದರೆ ಮಕ್ಕಳಾಟ ಅನ್ನಿಸಬೇಕು. ಯಾವುದಾದರೂ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಸಣ್ಣ ಸಂಖ್ಯೆಗಳನ್ನೆಲ್ಲ ಕೂಡಿಸಿ. ಆರಕ್ಕೆ ಒಂದು, ಎರಡು, ಮೂರು. ಕೂಡಿದರೆ ಆರೇ, ಅದು ಪರಿಪೂರ್ಣ. ಎಂಟಕ್ಕೆ ಒಂದು, ಎರಡು, ನಾಲ್ಕು. ಏಳಕ್ಕೇ ನಿಂತಿತು, ಅದು ನ್ಯೂನ. ಹನ್ನೆರಡಕ್ಕೆ ಒಂದು, ಎರಡು, ಮೂರು, ನಾಲ್ಕು, ಆರು. ಹದಿನಾರಾಗಿ ಹೊರಚೆಲ್ಲಿತು, ಅದು ಸಮೃದ್ಧ. ಅವಳ ಮನೆಯ ಮಗ್ಗದಲ್ಲಿ ನೂರಿಪ್ಪತ್ತು ಎಳೆಗೆ ಒಂದು ಪುಂಜ ಎಂದು ಎಣಿಸುತ್ತಿದ್ದರು. ಆ ನೂರಿಪ್ಪತ್ತರ ಭಾಜಕಗಳನ್ನು ಕೂಡಿಸಿದರೆ ಇನ್ನೂರಾ ನಲವತ್ತು, ತನ್ನ ಎರಡರಷ್ಟು; ಅದನ್ನು ಕಂಡುಕೊಂಡ ದಿನ ಅವಳು ಸಾರಿಗೆ ಉಪ್ಪು ಹಾಕುವುದನ್ನೇ ಮರೆತು ತಮ್ಮನಿಂದ ಬೈಸಿಕೊಂಡಿದ್ದಳು. ಆದರೆ ತುಂಬಿ ಚೆಲ್ಲುವವೆಲ್ಲ ಸರಿಸಂಖ್ಯೆಗಳೇ. ಬೆಸಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸಿ ನೋಡಿದಳು, ಒಂದೂ ತುಂಬಲಿಲ್ಲ. ಯಾಕೆಂದು ಯೋಚಿಸಿದಳು. ಸರಿಸಂಖ್ಯೆಗೆ ಅರ್ಧ ಎಂಬ ದೊಡ್ಡ ಪಾಲು ಹುಟ್ಟಿನಿಂದಲೇ ಇದೆ. ಬೆಸಕ್ಕೆ ಅರ್ಧವೇ ಇಲ್ಲ. ಮೂರರಲ್ಲೊಂದು, ಐದರಲ್ಲೊಂದು, ಏಳರಲ್ಲೊಂದು, ಹೀಗೆ ಚೂರುಪಾರು ಪಾಲುಗಳನ್ನು ಎಷ್ಟು ಕೂಡಿಹಾಕಿದರೂ ಒಂದಾಗುವುದಿಲ್ಲ. ಬೆಸಸಂಖ್ಯೆ ಎಂದೂ ಸಮೃದ್ಧವಾಗದು. ಇದು ಬಸವೇಶ್ವರಿಯ ನಿಯಮ. ಫೋನನ್ನೇ ಕೇಳಿದ್ದರೆ ಸರಿಯೋ ತಪ್ಪೋ ರೆಪ್ಪೆ ಬಡಿಯುವುದರೊಳಗೆ ಹೇಳುತ್ತಿತ್ತು, ಅದಕ್ಕೇ ಅವಳು ಕೇಳಿರಲಿಲ್ಲ. ಜಗತ್ತಿನಲ್ಲಿ ಒಂದನ್ನಾದರೂ ಯಾರನ್ನೂ ಕೇಳದೆ ತಿಳಿಯಬೇಕೆಂಬ ಹಟ. ಹಟದ ಹಿಂದೆ ಹೆದರಿಕೆಯೂ ಇತ್ತು ಅನ್ನುವುದು ಬೇರೆ ಮಾತು.

ಬೆಸವೆಂದರೆ ಕೊರತೆ ಅನ್ನುವುದನ್ನು ಅವಳಿಗೆ ಮೊದಲು ಕಲಿಸಿದ್ದು ಗಣಿತವಲ್ಲ, ಮಗ್ಗ. ಎಳೆ ಬಿಡಿಸಿ ಹಿಡಿಯುವ ಹಣಿಗೆಯ ಒಂದೊಂದು ಸಂದಿನಲ್ಲಿ ಎರಡೆರಡು ಎಳೆ ಹೋಗಬೇಕು, ಜೋಡು ಜೋಡಾಗಿ. ಕೊನೆಗೆ ಒಂಟಿ ಎಳೆ ಉಳಿಯಿತೆಂದರೆ ಎಲ್ಲೋ ಒಂದು ಕಳೆದಿದೆ ಎಂದೇ ಅರ್ಥ. ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ಅಪ್ಪ ಹಂಪಣ್ಣ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಎಳೆ ಕೊಡಲು ಹೇಳಿದ್ದ, ಅವಳು ಕಿಟಕಿಯಾಚೆ ಯಾವುದೋ ಮದುವೆಯ ಬ್ಯಾಂಡು ಹೋಗುವುದನ್ನು ನೋಡುತ್ತ ಕೊಟ್ಟಿದ್ದಳು, ಸಂಜೆಗೆ ಒಂಟಿ ಎಳೆ ಉಳಿಯಿತು. ಅಪ್ಪ ಬೈಯಲಿಲ್ಲ. ಅಷ್ಟೂ ಎಳೆಗಳನ್ನು ತುದಿಯಿಂದ ಬಿಚ್ಚುತ್ತ ಹೋದ, ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಅವತ್ತಿನಿಂದ ಬೆಸಸಂಖ್ಯೆ ಕಂಡರೆ ಅವಳಿಗೆ ಆ ಬೆನ್ನು ನೆನಪಾಗುತ್ತಿತ್ತು, ಆಮೇಲಾಮೇಲೆ ಮದುವೆಮನೆಗಳಲ್ಲಿ ಜೋಡಿಯಾಗಿ ಕೂಡಿಸಿ ಆರತಿ ಎತ್ತುವಾಗ ಅವಳನ್ನು ದಾಟಿ ಮುಂದಿನವರಿಗೆ ಹೋಗುವ ತಟ್ಟೆ ನೆನಪಾಗುತ್ತಿತ್ತು. ಬೆಸಗಳನ್ನು ಪರೀಕ್ಷಿಸುತ್ತ ಹೋದಾಗ ನೂರಾ ಐದಕ್ಕೆ ಹದಿನೆಂಟು ಕಡಿಮೆ ಬಿತ್ತು. ಅದರ ಮೂರರಷ್ಟಾದ ಮುನ್ನೂರಾ ಹದಿನೈದಕ್ಕೆ ಬರೀ ಆರು ಕಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ. ಅಲ್ಲಿ ಅವಳಿಗೆ ಆದದ್ದು ದುಃಖವಲ್ಲ, ಒಂದು ಕೆಟ್ಟ ಸಂತೋಷ. ನೋಡು, ಇಷ್ಟು ಹತ್ತಿರ ಬಂದದ್ದೂ ತುಂಬಲಿಲ್ಲ. ಅಲ್ಲಿಗೇ ಪರೀಕ್ಷೆ ನಿಲ್ಲಿಸಿ ನಿಯಮ ಬರೆಯಲು ಕೂತಿದ್ದಳು. ಬರೆದು ಸರ್‌ಗೆ ಕಳಿಸಿದಳು. ಸರ್ ಫೋನಿಗೆ ಒಂದೇ ಮಾತು ಕಳಿಸಿದರು: ಚೆನ್ನಾಗಿದೆ.

ಆ ಒಂದು ಮಾತನ್ನು ಅವಳು ತೆರೆದು ನೋಡಿದ್ದಕ್ಕೆ ಲೆಕ್ಕವಿಲ್ಲ. ಯಾಕೆಂದರೆ ಇದೇ ಶಿವಶಂಕರಪ್ಪ ಸರ್ ಅವಳನ್ನು ತುಂಬಿದ ತರಗತಿಯಲ್ಲಿ ಹಲಗೆಯ ಮುಂದೆ ನಿಲ್ಲಿಸಿದ್ದರು. ಅವಳು ಬರೆದ ಪ್ರಮೇಯದ ಸಾಧನೆಗೆ ಕೊನೆಯ ಸಾಲೊಂದು ಹೊಳೆದಿರಲಿಲ್ಲ, ಬಳಪ ಹಿಡಿದು ನಿಂತೇ ಇದ್ದಳು. "ಯಾಕ ನಿಂತಿ?" "ಇಲ್ಲಿಗೇ ನಿಂತದರಿ ಸರ್." "ಹಿಂದಿನವರಿಗೆ ಕೇಳ್ಸಲಿಲ್ಲ, ಜೋರಾಗಿ ಹೇಳು." ಅವಳು ಜೋರಾಗಿ ಹೇಳಿದಳು. ಸರ್ ತರಗತಿಯ ಕಡೆ ತಿರುಗಿ, ಸಿಟ್ಟಿಲ್ಲದೆ, ಹವಾಮಾನ ಹೇಳುವವರ ಹಾಗೆ ಅಂದಿದ್ದರು: "ಈಕಿ ಹತ್ತಿರ ಬರ್ತಾಳ, ಮುಟ್ಟಂಗಿಲ್ಲ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಬಸವೇಶ್ವರಿಗೆ ಆನೆ ಬೇಕಿರಲಿಲ್ಲ, ಅದೇ ಬಾಯಿಂದ ಮುಟ್ಟಿದಳು ಅನ್ನುವ ಒಂದು ಮಾತು ಬೇಕಿತ್ತು. ಅದಕ್ಕಾಗಿಯೇ ಈ ಬಸ್ಸು, ಈ ಇಸ್ತ್ರಿಯ ಸೀರೆ, ತೊಡೆಯ ಮೇಲಿನ ಈ ಕವರು. ಕವರಿನಲ್ಲಿ ಸರ್‌ಗೆ ಹೊದಿಸಲು ತಮ್ಮ ಮಲ್ಲೇಶ ಕೈಯಾರೆ ನೇಯ್ದ ಶಲ್ಯವಿತ್ತು, ಕೆಂಪು ಅರಿಶಿನ ಪಟ್ಟಿಗಳದು.

ಉಟ್ಕೂರಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ದೊಡ್ಡ ಗಂಟು ಹೊತ್ತು ಹತ್ತಿ, ಬಸವೇಶ್ವರಿಯ ಪಕ್ಕ ಕೂತು, ಗಂಟಿನ ಅರ್ಧವನ್ನು ಇವಳ ತೊಡೆಯ ಮೇಲೇ ಇಟ್ಟುಕೊಂಡಳು. ಎಂಕಮ್ಮ ಎಂದು ಹೆಸರು ಹೇಳಿದಳು, ಇವಳು ಟೀಚರು, ಗದ್ವಾಲಕ್ಕೆ ಹೊರಟವಳು ಎಂದು ಕೇಳಿ ತಿಳಿದುಕೊಂಡಳು. ಕೇಳದಿದ್ದರೂ ಉಳಿದದ್ದನ್ನೂ ಹೇಳಿದಳು.

"ಮಗಳ ಕುಬಸ ಐತ್ರಿ ಮಕ್ತಲ್‌ದಾಗ. ಚೊಚ್ಚಲ ಬಸಿರಿ. ಉಡಿ ತುಂಬಾಕ ಹೊಂಟೀನಿ. ಐದು ಕೊಬ್ರಿ ಬಟ್ಲ, ಐದು ಉತ್ತತ್ತಿ, ಐದು ಅಡಕಿ, ಐದು ಅರಿಶಿಣ ಕೊಂಬು. ಎಲ್ಲಾ ಐದೈದು."

"ಆರು ಹಾಕಿದ್ರ ಏನಾಗ್ತೈತಿ?" ಎಂದಳು ಬಸವೇಶ್ವರಿ, ಸುಮ್ಮನೆ.

"ಅಯ್ಯ, ಸರಿ ಹಾಕಬಾರದ್ರಿ ಟೀಚರಮ್ಮ. ಸರಿ ಆದ್ರ ಮುಗದಂಗ. ಬೆಸ ಹಾಕಿದ್ರ ಮ್ಯಾಲೊಂದು ಬರಾಕ ಜಾಗ ಇರ್ತೈತಿ. ಉಡಿ ತುಂಬೋದು ಬೆಸದಿಂದಾನ."

"ಬೆಸ ಯಾವತ್ತೂ ತುಂಬಂಗಿಲ್ಲ."

ಮಾತು ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು, ಮುಂದಿನ ಸೀಟಿನವರು ತಿರುಗಿ ನೋಡಿದರು. ಎಂಕಮ್ಮ ಅವಳ ಮುಖವನ್ನೂ ಕೊರಳನ್ನೂ ಕಾಲ್ಬೆರಳನ್ನೂ ಒಂದು ಸುತ್ತು ನೋಡಿದಳು. "ನಿಮಗ ಮಕ್ಕಳೆಷ್ಟ್ರಿ?" "ಮದುವಿ ಆಗಿಲ್ಲ." "ಹಂಗೇನು," ಎಂದು ಎಂಕಮ್ಮ, ಬೆಸಸಂಖ್ಯೆಯ ವಾದ ಅಲ್ಲಿಗೆ ಇತ್ಯರ್ಥವಾಯಿತು ಅನ್ನುವ ಹಾಗೆ, ಕಿಟಕಿಯ ಕಡೆ ತಿರುಗಿದಳು. ಬಸವೇಶ್ವರಿಯ ಕಿವಿ ಬಿಸಿಯಾಯಿತು. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಕವರಿನಿಂದ ಶಲ್ಯವನ್ನು ತೆಗೆದಳು, ತೊಡೆಯ ಮೇಲೆ ಬಿಡಿಸಿದಳು, ನೇಕಾರರ ಮನೆಯ ಮಕ್ಕಳು ಮನಸ್ಸು ಕೆಟ್ಟಾಗ ಮಾಡುವುದನ್ನು ಮಾಡಿದಳು. ಎಣಿಸಿದಳು. ಕೆಂಪು, ಅರಿಶಿನ, ಕೆಂಪು, ಅರಿಶಿನ. ಕೆಂಪಿನಿಂದ ಶುರುವಾಗಿ ಕೆಂಪಿಗೇ ಮುಗಿಯಬೇಕು, ಎರಡೂ ಅಂಚು ಒಂದೇ ಥರ ಕಾಣಬೇಕು, ಹಾಗಾಗಿ ಪಟ್ಟಿಗಳು ಬೆಸವೇ ಆಗಬೇಕು. ಇಪ್ಪತ್ತೇಳು. ಇದು ಇಷ್ಟು ವರ್ಷ ಮಗ್ಗದ ಪಕ್ಕ ಬೆಳೆದರೂ ತನಗೆ ಯಾಕೆ ಹೊಳೆದಿರಲಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಸೆರಗಿನ ಪಿನ್ನು ಬಿಚ್ಚಿ ಅದರ ಮೊನೆಯಿಂದ ಒಂದು ಪಟ್ಟಿಯ ಎಳೆಗಳನ್ನು ಎಣಿಸತೊಡಗಿದಳು. ಬಸ್ಸು ಕುಲುಕುತ್ತಿತ್ತು, ಮೊನೆ ತಪ್ಪುತ್ತಿತ್ತು. ಎಂಕಮ್ಮ ಏನೂ ಕೇಳದೆ ಇನ್ನೊಂದು ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು, ಹೆಂಗಸರು ಸೀರೆ ಮಡಿಚುವಾಗ ಹಿಡಿಯುವ ಹಾಗೆ. ಮೂವತ್ತೈದು. ಪಟ್ಟಿಗೆ ನಡುವೆ ಒಂದು ಎಳೆ ಬರಬೇಕು, ಅದೂ ಬೆಸ, ಎಲ್ಲ ಪಟ್ಟಿಗೂ ಒಂದೇ ಲೆಕ್ಕ. ಇಪ್ಪತ್ತೇಳು ಮೂವತ್ತೈದಲೆ ಒಂಬೈನೂರಾ ನಲವತ್ತೈದು. ಒಂಬೈನೂರಾ ನಲವತ್ತೈದು ಅಂದರೆ ಮುನ್ನೂರಾ ಹದಿನೈದರ ಮೂರರಷ್ಟು, ಎಂದು ಅವಳ ತಲೆ ತಾನಾಗಿಯೇ ಹೇಳಿತು.

ಅವಳು ನಿಲ್ಲಿಸಿದ್ದು ಮುನ್ನೂರಾ ಹದಿನೈದಕ್ಕೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಇದೇ ಸಿಗುತ್ತಿತ್ತು. ದೊಡ್ಡದರಿಂದ ಕೂಡಿಸುತ್ತ ಬಂದಳು, ಬೆರಳು ಕೆಂಪು ಪಟ್ಟಿಯ ಮೇಲೆ ಜಾರುತ್ತಿತ್ತು. ಮುನ್ನೂರಾ ಹದಿನೈದು, ನೂರಾ ಎಂಬತ್ತೊಂಬತ್ತು, ಸೇರಿ ಐನೂರಾ ನಾಲ್ಕು. ನೂರಾ ಮೂವತ್ತೈದು, ನೂರಾ ಐದು, ಒಟ್ಟು ಏಳುನೂರಾ ನಲವತ್ತನಾಲ್ಕು. ಇಷ್ಟು ಬೇಗ ಇಷ್ಟು ಮೇಲೆ ಬರಬಾರದಿತ್ತು. ಅರವತ್ಮೂರು, ನಲವತ್ತೈದು, ಮೂವತ್ತೈದು.  ಇಪ್ಪತ್ತೇಳು. ಒಂಬೈನೂರಾ ಹದಿನಾಲ್ಕು. ಇಪ್ಪತ್ತೊಂದು. ಒಂಬೈನೂರಾ ಮೂವತ್ತೈದು. ಇನ್ನು ಹತ್ತು ಬೇಕು, ಬರೀ ಹತ್ತು, ಮತ್ತು ಅವಳ ಕೈಯಲ್ಲಿ ಇನ್ನೂ ಹದಿನೈದಿತ್ತು, ಒಂಬತ್ತಿತ್ತು, ಏಳಿತ್ತು, ಐದಿತ್ತು, ಮೂರಿತ್ತು, ಒಂದಿತ್ತು. ಜೇಬಿನಲ್ಲಿ ಕಾಸಿಲ್ಲ ಎಂದು ಅಳುತ್ತಿದ್ದವನಿಗೆ ಒಳಜೇಬಿನ ನೆನಪಾದ ಹಾಗೆ. ಒಂಬೈನೂರಾ ಎಪ್ಪತ್ತೈದು. ಅವಳು ಮತ್ತೆ ಕೂಡಿಸಿದಳು, ಮತ್ತೆ ಅದೇ ಬಂತು. ತನ್ನ ನಿಯಮ ತನ್ನ ತೊಡೆಯ ಮೇಲೇ ಸತ್ತು ಬಿದ್ದಿತ್ತು. ನ್ಯಾಯವಾಗಿ ಅವಳು ಅಳಬೇಕಿತ್ತು. ಆದರೆ ಎದೆಯೊಳಗೆ ಏನೋ ಎದ್ದು ಕುಣಿಯುತ್ತಿತ್ತು, ಅವಳಿಗೆ ಅದು ದುಃಖವೆಂದು ನಂಬುವುದು ಸಾಧ್ಯವೇ ಆಗಲಿಲ್ಲ. ತಾನು ಎಂಕಮ್ಮನ ಮುಂಗೈಯನ್ನು ಹಿಡಿದುಕೊಂಡಿದ್ದೇನೆ ಅನ್ನುವುದು ಆಕೆ ಕೈ ಬಿಡಿಸಿಕೊಳ್ಳಲು ನೋಡಿದಾಗಲೇ ತಿಳಿದದ್ದು.

"ಎಂಕಮ್ಮ, ತುಂಬ್ತು."

"ಏನು ತುಂಬ್ತ್ರಿ?"

"ಬೆಸ. ತುಂಬಿ ಮ್ಯಾಲ ಮೂವತ್ತು ಉಳೀತು."

"ನಾ ಹೇಳಲಿಲ್ಲೇನ್ರಿ," ಎಂದಳು ಎಂಕಮ್ಮ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತ. ಮಕ್ತಲ್ ಬಂದಾಗ ಗಂಟು ಹೊತ್ತು ಇಳಿದು, ಗದ್ವಾಲದ ಬಸ್ಸು ಆ ಕಡೆ ನಿಲ್ಲುತ್ತದೆಂದು ತೋರಿಸಿ, ಈ ಹುಚ್ಚಿಯ ಕೈಗೆ ಮತ್ತೆ ಸಿಗದ ಹಾಗೆ ಗುಂಪಿನಲ್ಲಿ ಸೇರಿಹೋದಳು.

ಮಕ್ತಲ್‌ನ ಬಸ್ ಸ್ಟ್ಯಾಂಡಿನಲ್ಲಿ ಬಸವೇಶ್ವರಿ ಕೂರಲಿಲ್ಲ, ಕೂರಲು ಆಗಲಿಲ್ಲ. ಶೇಂಗಾ ಮಾರುವವನ ತಕ್ಕಡಿಯಿಂದ ಶೌಚಾಲಯದ ಗೋಡೆಯವರೆಗೆ ನಡೆದಳು, ಹಿಂದಕ್ಕೆ ಬಂದಳು. ಮಲ್ಲೇಶನಿಗೆ ಫೋನು ಮಾಡಿದಳು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. "ತಮ್ಮಾ, ಶಲ್ಯೇದಾಗ ಒಟ್ಟು ಎಷ್ಟೆಳಿ ಹಾಕೀದಿ?" ಅವನಿಗೆ ಗಾಬರಿ. "ಯಾಕಕ್ಕ, ಎಲ್ಲ್ಯಾರ ಹರದೈತೇನು?" "ಹರದಿಲ್ಲೋ, ಎಷ್ಟೆಳಿ ಹೇಳು." "ಒಂಬೈನೂರಾ ನಲವತ್ತಾರು." ಅವಳ ಜೀವ ಬಾಯಿಗೆ ಬಂತು. "ಐದಲ್ಲೇನು?" "ಲೆಕ್ಕಕ್ಕ ಐದಾ. ಒಂದು ಒಂಟಿ ಉಳೀತದಲ್ಲಕ್ಕ, ಅದಕ್ಕ ಅಂಚಿಗೆ ಇನ್ನೊಂದು ಕೂಡ್ಸೀನಿ. ಜೋಡಿ ಆಗಬೇಕಲ್ಲ. ಅಪ್ಪನೂ ಹಂಗಾ ಮಾಡ್ತಿದ್ದ, ಅದನ್ನ ಯಾರು ಎಣಸ್ತಾರ." ಅಪ್ಪನೂ ಹಾಗೇ ಮಾಡುತ್ತಿದ್ದ. ಹಾಗಾದರೆ ಬೆಸ ಬಂದದ್ದೆಲ್ಲ ಕಳೆದದ್ದಲ್ಲ. ಅವತ್ತು ಸಂಜೆ ಅವಳದು ನಿಜವಾಗಿ ತಪ್ಪಿತ್ತೋ, ಇಲ್ಲ ಅಪ್ಪನ ಲೆಕ್ಕವೇ ಬೆಸವಿತ್ತೋ, ಕೇಳಲು ಅಪ್ಪ ಇಲ್ಲ. ಫೋನು ಹಿಡಿದುಕೊಂಡೇ ಅವಳು ಒಂಬೈನೂರಾ ನಲವತ್ತಾರನ್ನು ಒಡೆದು ನೋಡಿದಳು. ಎರಡು, ಹನ್ನೊಂದು, ನಲವತ್ಮೂರು. ಭಾಜಕಗಳನ್ನು ಕೂಡಿದರೆ ಆರುನೂರಾ ಮೂವತ್ತೆಂಟು. ಮುನ್ನೂರಾ ಎಂಟು ಕಡಿಮೆ. ಜೋಡಿ ಸಿಕ್ಕ ಕೂಡಲೇ, ಅರ್ಧ ಸಿಕ್ಕ ಕೂಡಲೇ, ಶಲ್ಯ ಬಡವಾಗಿತ್ತು. ಅವಳು ಬಸ್ ಸ್ಟ್ಯಾಂಡಿನ ನಡುವೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟಳು. "ಅಕ್ಕಾ, ಆರಾಮದಿ ಅಲಾ?" ಎಂದು ಫೋನು ಕೇಳುತ್ತಿತ್ತು.

ನಗು ನಿಂತ ಮೇಲೆ ಭಯ ಬಂತು, ಸರದಿಯಲ್ಲಿ ಕಾದಿದ್ದವರ ಹಾಗೆ. ಕವರಿನಲ್ಲಿ ಶಲ್ಯದ ಕೆಳಗೆ ಮಡಿಚಿಟ್ಟ ಪ್ರಬಂಧ ಸುಳ್ಳು. ಸರ್ ಅದನ್ನು ಚೆನ್ನಾಗಿದೆ ಅಂದಿದ್ದಾರೆ. ಈಗ ತಪ್ಪು ಅಂದರೆ ಅವರ ಸನ್ಮಾನದ ದಿನವೇ ಅವರ ಮುಖಕ್ಕೆ ಮಸಿ. ಹಾಗೆಯೇ ಓದಿಬಿಟ್ಟರೆ? ಊಟದ ಹೊತ್ತಿಗೆ ಮುಂಚೆ ಯಾರು ಭಾಜಕ ಕೂಡಿಸುತ್ತ ಕೂರುತ್ತಾರೆ. ಚಪ್ಪಾಳೆ ಬೀಳುತ್ತದೆ, ಸರ್ ಎರಡು ಒಳ್ಳೆಯ ಮಾತು ಆಡುತ್ತಾರೆ, ಇಷ್ಟು ವರ್ಷ ಕಾದದ್ದು ಅದಕ್ಕೇ. ಇಲ್ಲವೇ ಎದುರಿಗೆ ನಾರಾಯಣಪೇಟೆಗೆ ಹೊರಟ ಬಸ್ಸು ನಿಂತಿತ್ತು, ಗಂಟಲು ಕಟ್ಟಿದೆ ಎಂದು ಒಂದು ಮೆಸೇಜು ಹಾಕಿದರೆ ಮುಗಿಯಿತು. ಆ ಬಸ್ಸಿನ ಮೆಟ್ಟಿಲಿನ ಹತ್ತಿರದವರೆಗೂ ಅವಳು ಹೋದಳು. ಹತ್ತಿರ ಬರ್ತಾಳ, ಮುಟ್ಟಂಗಿಲ್ಲ. ಅಷ್ಟರಲ್ಲಿ ಗದ್ವಾಲ, ಗದ್ವಾಲ ಎಂದು ಕೂಗು ಕೇಳಿತು, ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿದಳು, ಯೋಚಿಸಿ ಓಡಿದ್ದಲ್ಲ. ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಅನ್ನಿಸಿತ್ತು, ಅಷ್ಟೇ.

ಬಸ್ಸಿನಲ್ಲಿ ಅವಳು ಸುಮ್ಮನಿರಲಿಲ್ಲ. ಒಂದು ತುಂಬಿತೆಂದರೆ ಅದರ ಮೂರರಷ್ಟೂ ತುಂಬಬೇಕು, ಐದರಷ್ಟೂ, ಏಳರಷ್ಟೂ. ಎರಡು ಸಾವಿರದ ಎಂಟುನೂರಾ ಮೂವತ್ತೈದು, ನಾಲ್ಕು ಸಾವಿರದ ಏಳುನೂರಾ ಇಪ್ಪತ್ತೈದು, ಮುಗಿಯದಷ್ಟು. ಕೊರತೆಯವೆಂದು ಅವಳು ಮೂಲೆಗೆ ಸರಿಸಿದ್ದ ಬೆಸಗಳ ಸಾಲಿನಿಂದ ಒಂದೊಂದೇ ಎದ್ದು ನಿಲ್ಲುತ್ತಿದ್ದವು. ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಎಲ್ಲರೂ ನೀರು ನೋಡಲು ಒಂದು ಕಡೆ ವಾಲಿದರು, ಅವಳೂ ನೋಡಿದಳು, ನೀರು ಕಾಣಲಿಲ್ಲ. ಅಪ್ಪನ ಬೆನ್ನು ಕಂಡಿತು, ಆದರೆ ಈ ಸಲ ಅಪ್ಪ ಬಿಚ್ಚುತ್ತಿರಲಿಲ್ಲ, ಅಂಚಿಗೆ ಯಾರಿಗೂ ಹೇಳದೆ ಒಂದು ಎಳೆ ಸೇರಿಸುತ್ತಿದ್ದ. ಅವಳಿಗೆ ಅಪ್ಪನ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ ಬಂತು.

ಗದ್ವಾಲದಲ್ಲಿ ಸಭೆ ನಡೆಯುವ ಮದುವೆ ಹಾಲಿನಲ್ಲಿ ಯಾರದೋ ಮದುವೆಯ ಥರ್ಮೋಕೋಲು ಅಕ್ಷರಗಳು ಇನ್ನೂ ವೇದಿಕೆಯ ಹಿಂದೆ ಅಂಟಿಕೊಂಡಿದ್ದವು. ನಿರೂಪಣೆ ಮಾಡುವ ತೆಲುಗು ಮಾಧ್ಯಮದ ಮೇಷ್ಟ್ರು ಬಾಲರಾಜ್ ಬಾಗಿಲಲ್ಲೇ ಹಿಡಿದು, "ಮೇಡಮ್, ಮೀರು ರೆಡೀನಾ? ಸನ್ಮಾನಂ ತರ್ವಾತ ಮೀದೇ," ಸನ್ಮಾನ ಆದ ಮೇಲೆ ನಿಮ್ಮದೇ, ಎ‍ಂದು ಶಲ್ಯದ ಕವರು ಇಸಕೊಳ್ಳಲು ಕೈಚಾಚಿದರು. ಶಲ್ಯ ಕೊಟ್ಟು, ಪ್ರಬಂಧ ಕೈಯಲ್ಲಿ ಉಳಿಸಿಕೊಂಡು, ಅವಳು ನೇರ ವೇದಿಕೆಯ ಪಕ್ಕದ ಕೋಣೆಗೆ ಹೋದಳು. ಶಿವಶಂಕರಪ್ಪ ಸರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದರು. ಮುಪ್ಪು ಅವರನ್ನು ಕುಗ್ಗಿಸಿತ್ತು, ಕಿವಿಯ ಕೂದಲು ಬೆಳ್ಳಗಾಗಿತ್ತು. ಅವಳು ನಮಸ್ಕಾರವನ್ನೂ ಹೇಳಲಿಲ್ಲ.

"ಸರ್, ಒಂಬೈನೂರಾ ನಲವತ್ತೈದು."

ಬಿಸ್ಕೀಟು ಚಹಾದಲ್ಲೇ ಮುರಿದು ಬಿತ್ತು. ಸರ್ ಅದನ್ನು ಚಮಚದಿಂದ ತೆಗೆಯಲು ನೋಡಿದರು. "ಕೂಡು. ಚಾ ಕುಡಿ."

"ಬೆಸ ಐತ್ರಿ ಸರ್, ತುಂಬೇತ್ರಿ. ನಂದು ತಪ್ಪೈತ್ರಿ. ಈಗ ಬಸ್ಸಿನ್ಯಾಗ ಗೊತ್ತಾತ್ರಿ."

"ಗೊತ್ತೈತವಾ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾವಾಗ ಗೊತ್ತಾತ್ರಿ?"

"ನೀ ಕಳಿಸಿದ ದಿವಸಾನ. ಬೆಸದಾಗ ಮೊದಲನೇ ಸಮೃದ್ಧ ಸಂಖ್ಯೆ ಅದಾ. ಹಳೇ ಮಾತು, ಎಲ್ಲಾರಿಗೂ ಗೊತ್ತಿದ್ದದ್ದು."

"ಮತ್ತ ಚೆನ್ನಾಗಿದೆ ಅಂದ್ರೆಲ್ರೀ."

ಸರ್ ಅವಳ ಮುಖ ನೋಡಲಿಲ್ಲ. "ಏನಂತ ಹೇಳ್ಲಿ. ಇಷ್ಟು ವರ್ಷಕ್ಕ ಒಂದು ಬರದಾಳ, ಹುರುಪಿನ್ಯಾಗ ಅದಾಳ, ಓದ್ಕೊಳ್ಳಲಿ ಅಂದೆ. ಇಲ್ಲಿ ಯಾರು ತಾಳೆ ನೋಡ್ತಾರ. ಈಗೂ ಹಂಗಾ ಓದು. ಕಾರ್ಯಕ್ರಮ ಕೆಡಿಸಬ್ಯಾಡ."

ಬಸವೇಶ್ವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ತರಗತಿಯಲ್ಲಿ ಆದದ್ದಕ್ಕಿಂತ ಇದು ಹೆಚ್ಚಿನ ಅವಮಾನ. ಅಲ್ಲಿ ಅವರು ಅವಳಿಂದ ಕೊನೆಯ ಸಾಲನ್ನಾದರೂ ಕೇಳಿದ್ದರು, ಇಲ್ಲಿ ಕೇಳುವುದನ್ನೇ ಬಿಟ್ಟಿದ್ದರು. ತಪ್ಪು ಅನ್ನುವಷ್ಟೂ ಬೆಲೆ ಕೊಟ್ಟಿರಲಿಲ್ಲ. ಮಗುವಿನ ಕೈಗೆ ಆಟಿಕೆ ಕೊಟ್ಟು ಬಾಗಿಲು ಹಾಕಿಕೊಂಡಂತೆ ಚೆನ್ನಾಗಿದೆ ಅಂದಿದ್ದರು, ಆ ಮಾತನ್ನು ಅವಳು ದೇವರ ಪ್ರಸಾದದ ಹಾಗೆ ಮತ್ತೆ ಮತ್ತೆ ತೆರೆದು ನೋಡಿದ್ದಳು. ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲಿ ಅವಳು ಒಳಗಿನ ಕುಣಿತ ನಿಂತಿರಬೇಕೆಂದು ಹುಡುಕಿ ನೋಡಿದಳು. ನಿಂತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಹಳೆಯ ಮಾತು ಅನ್ನುವುದು ಅದಕ್ಕೆ ಏನೂ ತಗುಲಿಸಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಅವಳಿಗೆ ಗೊತ್ತಾದದ್ದು ಇವತ್ತು, ಉಟ್ಕೂರಿನ ಆಚೆ, ಪಿನ್ನಿನ ಮೊನೆಯಲ್ಲಿ, ಯಾರನ್ನೂ ಕೇಳದೆ. ಇದೊಂದು ಅವಳದು. "ಚಾ ಬ್ಯಾಡ್ರಿ ಸರ್," ಎಂದು ಎದ್ದಳು.

ಸನ್ಮಾನ ನಡೆಯಿತು. ಹಾರ, ಹಣ್ಣು, ಫೋಟೋ. ಬಾಲರಾಜ್ ಶಲ್ಯವನ್ನು ಬಿಡಿಸಿ ಸರ್ ಹೆಗಲಿಗೆ ಹೊದಿಸಿದರು, ಕೆಂಪು ಅರಿಶಿನ ಪಟ್ಟಿಗಳು ಆ ಸಣ್ಣ ಮೈಯನ್ನು ಪೂರ್ತಿ ಸುತ್ತಿಕೊಂಡವು. ಸರ್ ಕೆಳಗಿಳಿದು ಮುಂದಿನ ಸಾಲಿನ ಸೋಫಾದಲ್ಲಿ ಕೂತರು. ತನ್ನ ಹೆಸರು ಕರೆದಾಗ ಬಸವೇಶ್ವರಿ ವೇದಿಕೆ ಹತ್ತಿ, ಪ್ರಬಂಧವನ್ನು ಮೈಕಿನ ಪಕ್ಕ ಬೋರಲಾಗಿಟ್ಟು, ಹಲಗೆ ಬೇಕೆಂದಳು. ಹಲಗೆ ತರುವವರೆಗೆ ಜನ ಫೋನು ನೋಡಿದರು.

"ಬೆಸಸಂಖ್ಯೆ ಯಾವತ್ತೂ ತುಂಬಂಗಿಲ್ಲ ಅಂತ ಬರಕೊಂಡು ಬಂದೀನ್ರಿ," ಎಂದಳು.  "ಅದು ತಪ್ಪೈತ್ರಿ. ಹೆಂಗ ತಪ್ಪೈತಿ ಅನ್ನೋದನ್ನ ಎಲ್ಲಾರೂ ಕೂಡಿ ನೋಡೂಣು." ಒಂಬೈನೂರಾ ನಲವತ್ತೈದು ಎಂದು ದೊಡ್ಡದಾಗಿ ಬರೆದಳು. ಭಾಜಕಗಳನ್ನು ಹೇಳಿರೆಂದಳು.  ಹಿಂದಿನಿಂದ ಯಾರೋ ತೆಲುಗಿನಲ್ಲಿ ಮೂರಕ್ಕೆ ಮೂಡು ಅಂದರು, ಇನ್ನೊಬ್ಬರು ಐದು ಅಂದರು, ಗಣಿತದ ಮೇಷ್ಟ್ರುಗಳಿಗೆ ಹಲಗೆಯ ಮೇಲಿನ ಲೆಕ್ಕ ನೋಡುತ್ತ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಫೋನುಗಳು ಜೇಬಿಗೆ ಹೋದವು. ಈ ಸಲ ಅವಳು ಸಣ್ಣದರಿಂದ ಕೂಡಿಸಲು ಹೇಳಿದಳು. ಒಂದು, ಮೂರು, ಐದು, ಏಳು, ಒಂಬತ್ತು, ಕೂಡಿ ಇಪ್ಪತ್ತೈದು. ಹದಿನೈದು, ಇಪ್ಪತ್ತೊಂದು, ಇಪ್ಪತ್ತೇಳು, ಒಟ್ಟು ಎಂಬತ್ತೆಂಟು. ಕನ್ನಡದ ಮೊತ್ತ ಒಂದು ಕಡೆಯಿಂದ, ತೆಲುಗಿನ ಮೊತ್ತ ಇನ್ನೊಂದು ಕಡೆಯಿಂದ, ಒಂದರ ಮೇಲೊಂದು ಬೀಳುತ್ತಿತ್ತು. ಮೂವತ್ತೈದು, ನಲವತ್ತೈದು, ಅರವತ್ಮೂರು, ನೂರಾ ಐದು. ಬಾಲರಾಜ್ ಮೈಕು ಬಿಟ್ಟು ಹಲಗೆಯ ಹತ್ತಿರವೇ ಬಂದು ನಿಂತಿದ್ದರು. ನೂರಾ ಮೂವತ್ತೈದು, ನೂರಾ ಎಂಬತ್ತೊಂಬತ್ತು. ಒಟ್ಟು ಆರುನೂರಾ ಅರವತ್ತು.

"ಇಂಕಾ ಚಾಲಾ ತಕ್ಕುವ, ಮೇಡಮ್," ಎಂದರು ಬಾಲರಾಜ್, ಇನ್ನೂ ಬಹಳ ಕಡಿಮೆ ಎಂದು, ಮರುಕದಿಂದ.

"ಒಂದು ಉಳದೈತ್ರಿ." ಅವಳು ಸಾಲಿನ ಕೊನೆಗೆ ಮುನ್ನೂರಾ ಹದಿನೈದು ಎಂದು ಬರೆದಳು. "ಇದನ್ನ ನಾ ಮೊದಲಾ ನೋಡಿದ್ದೆ. ಆರು ಕಡಿಮಿ ಬಿತ್ತು ಅಂತ ಇದನ್ನ ಬಿಟ್ಟು, ಇದರ ಮ್ಯಾಲಾ ನಿಯಮ ಬರದೆ. ಇದನ್ನೂ ಕೂಡಿಸ್ರಿ."

ಸಭೆಯ ಎಲ್ಲ ಕಡೆಯಿಂದ ಗಲಗಲ ಎದ್ದಿತು. ಬಸವೇಶ್ವರಿ ಬಳಪ ಹಿಡಿದುಕೊಂಡೇ ಮುಂದಿನ ಸಾಲಿನ ಕಡೆ ತಿರುಗಿದಳು. ಶಿವಶಂಕರಪ್ಪ ಸರ್ ಶಲ್ಯದ ಅಂಚನ್ನು ಹೆಬ್ಬೆರಳಿನಿಂದ ತೀಡುತ್ತ ಹಲಗೆಯನ್ನು ನೋಡುತ್ತಿದ್ದರು.

"ಎಷ್ಟು ಹೆಚ್ಚಾತ್ರಿ, ಸರ್?"

ಅವರು ಕಣ್ಣೆತ್ತಿದರು. ತುಟಿ ಅಲ್ಲಾಡಿತು.

"ಹಿಂದಿನವರಿಗೆ ಕೇಳ್ಸಲಿಲ್ಲರೀ," ಎಂದಳು ಬಸವೇಶ್ವರಿ.

 ಸರ್ ಸೋಫಾದ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು, ಜಾರುತ್ತಿದ್ದ ಶಲ್ಯವನ್ನು ಹೆಗಲಿಗೆ ಏರಿಸಿಕೊಂಡರು, ಹಿಂದಕ್ಕೆ ಸಭೆಯ ಕಡೆ ತಿರುಗಿದರು.

"ಮೂವತ್ತು ಹೆಚ್ಚು," ಎಂದು ಜೋರಾಗಿ ಹೇಳಿದರು.